ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದಿಂದ ಬಂದು ಕನ್ನಡನಾಡಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದ ಬಾಸೆಲ್ ಮಿಷನ್ನಿನ ಪಾದ್ರಿ, ಪತ್ರಿಕಾ ಸಂಪಾದಕ ಹಾಗೂ ಗ್ರಂಥ ಸಂಪಾದಕ. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದವರೆಂದು ಅವರು ಪ್ರಸಿದ್ಧರು. ಅವರ ಪತ್ರಿಕೆ ಮತ್ತು ಪ್ರಕಟಣೆಗಳ ಕುರಿತು ಕನ್ನಡದಲ್ಲಿ ಸಾಕಷ್ಟು ಬರವಣಿಗೆ ಬಂದಿದೆ. ಅವರು ಬೆಳೆದ ಧಾರ್ಮಿಕ ಪರಿಸರದ ಕುರಿತ ಚರ್ಚೆ ಅಷ್ಟಿಲ್ಲ. ಕ್ರಿಸ್ತನು ಮರಳಿ ಬರುವ ಕಾಲವನ್ನು ಬೈಬಲಿನ ಮಾತುಗಳಿಂದಲೇ ಲೆಕ್ಕ ಹಾಕಿ ತಿಳಿಯಬಹುದೆಂದು ನಂಬಿದ್ದ ಪರಿಸರವದು. ಆ ಲೆಕ್ಕದಲ್ಲಿ ನಿರ್ಣಾಯಕವಾಗಿದ್ದ ವರ್ಷ 1836. ಮೋಗ್ಲಿಂಗ್ ಅವರು ಭಾರತಕ್ಕೆ ಬಂದದ್ದೂ ಅದೇ ವರ್ಷ.

ಜನನ ಮತ್ತು ಶಿಕ್ಷಣ

ಮೋಗ್ಲಿಂಗ್ ಅವರು ವ್ಯೂರ್ಟೆಂಬರ್ಗಿನ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳಂ ನಿಘಂಟುಕಾರರೆಂದು ಹೆಸರಾದ ಹರ್ಮನ್ ಗುಂಡರ್ಟ್ ಕೂಡ ಟ್ಯೂಬಿಂಗೆನ್ನಿನಲ್ಲಿಯೇ ಓದಿದವರು. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

ಆ ಕಾಲದ ವ್ಯೂರ್ಟೆಂಬರ್ಗಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಬೈಬಲ್ ಓದುಗಳು ಎದುರುಬದುರಾಗಿದ್ದವು. ಒಂದು, ಪೈಯೆಟಿಸಂ ಎಂದು ಕರೆಯಲಾಗುವ ಭಕ್ತಿ ಚಳವಳಿಯದು. ಹಳ್ಳಿಗಳ ರೈತರು ಮತ್ತು ಕೈಕಸುಬಿನವರು ಸಂಜೆ ಮನೆಗಳಲ್ಲಿ ಸೇರಿ ಬೈಬಲನ್ನು ಓದಿ, ಅದರ ಪ್ರವಾದನೆಗಳನ್ನು ತಮ್ಮ ಕಾಲದ ಯುದ್ಧ, ಬರಗಾಲ, ರಾಜರ ಏಳುಬೀಳುಗಳಿಗೆ ಹೊಂದಿಸಿ ನೋಡುತ್ತಿದ್ದರು. ಇನ್ನೊಂದು, ವಿಶ್ವವಿದ್ಯಾಲಯದ ವಿಮರ್ಶಾತ್ಮಕ ಓದು. 1832ರಿಂದ ಟ್ಯೂಬಿಂಗೆನ್ನಿನಲ್ಲಿ ಬೋಧಕರಾಗಿದ್ದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ ಅವರು 1835–36ರಲ್ಲಿ ಪ್ರಕಟಿಸಿದ ಯೇಸುವಿನ ಜೀವನ ಕುರಿತ ಗ್ರಂಥ ಯೂರೋಪಿನಲ್ಲೆಲ್ಲ ಕೋಲಾಹಲವೆಬ್ಬಿಸಿತು. ಶೀಘ್ರದಲ್ಲೇ ಮರಳಿ ಬರುವೆನೆಂಬ ಸುವಾರ್ತೆಗಳ ಮಾತು ಅದನ್ನು ಕೇಳಿಸಿಕೊಂಡವರ ಜೀವಿತಕಾಲದಲ್ಲಿ ನೆರವೇರಲಿಲ್ಲವೆಂಬುದು ಅಂತಹ ವಿಮರ್ಶಕರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಹೀಗೆ ಒಂದೇ ನಾಡಿನಲ್ಲಿ ಒಂದು ಗುಂಪು ಆ ದಿನ ಇದೇ ತಿಂಗಳಿನಲ್ಲಿ ಬರಲಿದೆ ಎಂದು ಕಾಯುತ್ತಿದ್ದರೆ, ಇನ್ನೊಂದು ಗುಂಪು ಅದು ಎಂದೂ ಬರುವಂಥದಲ್ಲ ಎನ್ನುತ್ತಿತ್ತು.

ಬೆಂಗೆಲ್ ಅವರ ಗಣನೆ ಮತ್ತು 1836

1836ರ ನಿರೀಕ್ಷೆಯ ಮೂಲ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಡೆಂಕೆನ್‌ಡೋರ್ಫಿನ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಇವರು ಕನಸು ಕಾಣುವ ಸಾಧುವಾಗಿರಲಿಲ್ಲ, ಹಸ್ತಪ್ರತಿಗಳನ್ನು ಅಕ್ಷರ ಬಿಡದೆ ಹೋಲಿಸುವ ವಿದ್ವಾಂಸರಾಗಿದ್ದರು. ಗ್ರೀಕ್ ಹೊಸ ಒಡಂಬಡಿಕೆಯ ಪಾಠವಿಮರ್ಶೆಗೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. 1734ರ ಅವರ ಗ್ರೀಕ್ ಆವೃತ್ತಿ ಮತ್ತು 1742ರ ವ್ಯಾಖ್ಯಾನ ಇಂದಿಗೂ ಗೌರವಕ್ಕೆ ಪಾತ್ರವಾಗಿವೆ. ಪ್ರಕಟನೆ ಗ್ರಂಥದ ಕಾಲಸೂಚಕ ಪದಗಳನ್ನೂ ಅವರು ಅದೇ ಕಟ್ಟುನಿಟ್ಟಿನಿಂದ ಕೈಗೆತ್ತಿಕೊಂಡರು. ದೇವರ ವಾಕ್ಯದಲ್ಲಿ ಒಂದು ಪದವೂ ವ್ಯರ್ಥವಲ್ಲವೆಂದಮೇಲೆ ಕಾಲ, ತುಸು ಕಾಲ, ತಿಂಗಳು, ದಿನ ಎಂಬ ಪದಗಳಿಗೂ ನಿಶ್ಚಿತ ಅಳತೆ ಇರಲೇಬೇಕು ಎಂಬುದು ಅವರ ತರ್ಕ.

ಪ್ರಕಟನೆ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಮೃಗದ ಸಂಖ್ಯೆ 666 ಎಂದಿದೆ. ಅದರ ಅಧಿಕಾರಕ್ಕೆ 42 ತಿಂಗಳ ಅವಧಿ ಎಂದೂ ಇದೆ. ಈ ಎರಡೂ ಒಂದೇ ಅವಧಿಯನ್ನು ಸೂಚಿಸುತ್ತವೆ ಎಂದು ಬೆಂಗೆಲ್ ಅವರು ತಿಳಿದರು. 666 ವರ್ಷಗಳನ್ನು 42ರಿಂದ ಭಾಗಿಸಿದರೆ ಪ್ರವಾದನೆಯ ಒಂದು ತಿಂಗಳು ಮನುಷ್ಯರ 15 ವರ್ಷ ಮತ್ತು ಏಳರಲ್ಲಿ ಆರು ಭಾಗ. ಪ್ರವಾದನೆಯ ಒಂದು ದಿನ ಅರ್ಧ ವರ್ಷಕ್ಕೆ ತುಸು ಹೆಚ್ಚು. ಗ್ರೀಕಿನಲ್ಲಿ ಕಾಲಕ್ಕಿರುವ ಕೈರೋಸ್ ಮತ್ತು ಕ್ರೋನೋಸ್ ಎಂಬ ಎರಡು ಪದಗಳಿಗೂ ಅವರು ಬೇರೆ ಬೇರೆ ಅಳತೆ ಕಂಡುಕೊಂಡರು. ಒಂದು ಕೈರೋಸ್ ಎಂದರೆ 222 ವರ್ಷ ಮತ್ತು ಒಂಬತ್ತರಲ್ಲಿ ಎರಡು ಭಾಗ. ಅಂತಹ ಐದು ಸೇರಿದರೆ ಒಂದು ಕ್ರೋನೋಸ್. ಹನ್ನೆರಡನೆಯ ಅಧ್ಯಾಯದಲ್ಲಿ ಅರಣ್ಯಕ್ಕೆ ಓಡಿಹೋದ ಸ್ತ್ರೀಯನ್ನು ಪೋಷಿಸುವ ಮೂರೂವರೆ ಕಾಲ ಎಂದರೆ ಸುಮಾರು 778 ವರ್ಷ. ಅದನ್ನು 1058ರಿಂದ ಎಣಿಸಿದರೆ ಸಿಗುವುದು 1836. ಸೈತಾನನಿಗೆ ಉಳಿದಿರುವ ತುಸು ಕಾಲ ನಾಲ್ಕು ಕೈರೋಸ್, ಸುಮಾರು 889 ವರ್ಷ. 947ರಿಂದ ಎಣಿಸಿದರೆ ಮತ್ತೆ 1836. ಎಳೆಗಳೆಲ್ಲ ಒಂದೇ ಗಂಟಿಗೆ ಬಂದು ಸೇರಿದ್ದು ಅವರ ಓದುಗರಿಗೆ ಎದುರಿಲ್ಲದ ಪುರಾವೆಯಾಗಿ ಕಂಡಿತು. ಆದರೆ ಪ್ರತಿ ಅವಧಿಯ ಆರಂಭದ ವರ್ಷವನ್ನು ಆರಿಸಿಕೊಂಡವರು ಲೆಕ್ಕ ಮಾಡಿದವರೇ ಎಂಬುದನ್ನು ಇಲ್ಲಿ ಮರೆಯಬಾರದು. ಅಂತಿಮವಾಗಿ ಗೊತ್ತಾದ ದಿನ 18 ಜೂನ್ 1836.

ಮನುಷ್ಯರ ಒಂದು ದಿನಕ್ಕೂ ದೈವದ ಒಂದು ದಿನಕ್ಕೂ ಬೇರೆ ಬೇರೆ ಅಳತೆ ಎಂಬ ಯೋಚನೆ ಕನ್ನಡ ಓದುಗರಿಗೆ ಹೊಸದಲ್ಲ. ಪುರಾಣಗಳ ಪ್ರಕಾರ 43,20,000 ವರ್ಷಗಳ ಒಂದು ಚತುರ್ಯುಗ ಸಾವಿರ ಬಾರಿ ಉರುಳಿದರೆ ಬ್ರಹ್ಮನಿಗೆ ಒಂದು ಹಗಲು. ತೊಂಬತ್ತನೆಯ ಕೀರ್ತನೆ ಮತ್ತು ಪೇತ್ರನ ಎರಡನೆಯ ಪತ್ರಿಕೆ ದೇವರಿಗೆ ಸಾವಿರ ವರ್ಷ ಒಂದು ದಿನದಂತೆ ಎಂದಾಗ ಅದು ಅಳತೆಯೋ ಉಪಮೆಯೋ ಎಂಬುದೇ ವ್ಯಾಖ್ಯಾನಕಾರರ ಜಗಳ. ಪೇತ್ರನ ಪತ್ರಿಕೆಯಲ್ಲಿ ಈ ಮಾತು ಬರುವುದು, ಬರುವೆನೆಂದವನು ಎಲ್ಲಿ ಎಂದು ಹಾಸ್ಯ ಮಾಡುವವರಿಗೆ ಉತ್ತರವಾಗಿ. ತಡವಾಯಿತೆಂಬ ಪ್ರಶ್ನೆ ಎಷ್ಟು ಹಳೆಯದೆಂಬುದಕ್ಕೆ ಅದೇ ಸಾಕ್ಷಿ.

ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ತಂದೆಯೊಬ್ಬನೇ ಬಲ್ಲನೆಂದು ಯೇಸು ಹೇಳಿರುವಾಗ ಲೆಕ್ಕ ಹಾಕುವುದೇ ತಪ್ಪಲ್ಲವೆ ಎಂಬ ಆಕ್ಷೇಪ ಬೆಂಗೆಲ್ ಅವರ ಮುಂದೆಯೂ ಇತ್ತು. ಆ ಮಾತು ವರ್ತಮಾನಕಾಲದಲ್ಲಿದೆ, ಮುಂದೆಯೂ ಯಾರೂ ಅರಿಯರೆಂದು ಅಲ್ಲಿ ಹೇಳಿಲ್ಲ, ಅನಂತರ ಯೋಹಾನನಿಗೆ ಬಂದ ಪ್ರಕಟನೆಯಲ್ಲಿ ಆ ಅರಿವು ತೆರೆಯಿತು ಎಂದು ಅವರು ಸಮಾಧಾನ ಹೇಳಿದರು. ಇಷ್ಟಾಗಿಯೂ ಅವರ ಗಣನೆಯಲ್ಲಿ 1836 ಲೋಕದ ಅಂತ್ಯವಲ್ಲ. ಅದು ಮೃಗದ ಪತನ, ಸೈತಾನನ ಬಂಧನ. ಅದರ ಬೆನ್ನಿಗೆ ಒಂದಾದ ಮೇಲೊಂದರಂತೆ ಎರಡು ಸಹಸ್ರಾಬ್ದಗಳು, ಅನಂತರವೇ ಅಂತಿಮ ನ್ಯಾಯತೀರ್ಪು. ಆ ವರ್ಷ ಯಾವ ದೊಡ್ಡ ಬದಲಾವಣೆಯೂ ಇಲ್ಲದೆ ಕಳೆದುಹೋದರೆ ತಮ್ಮ ಲೆಕ್ಕದಲ್ಲಿ ಮೂಲಭೂತ ದೋಷವಿದೆಯೆಂದು ತಿಳಿದು ಅದನ್ನು ಹುಡುಕಬೇಕೆಂದೂ ಅವರು ಮುಂಚಿತವಾಗಿ ಬರೆದಿಟ್ಟಿದ್ದರು. ಹಳ್ಳಿಯ ಸಭೆಗಳಿಗೆ ತಲುಪುವಷ್ಟರಲ್ಲಿ ಈ ಎಚ್ಚರಿಕೆಗಳು ಉದುರಿಹೋಗಿ ಇಸವಿಯೊಂದೇ ಉಳಿಯಿತು. 1817ರಲ್ಲಿ ವ್ಯೂರ್ಟೆಂಬರ್ಗಿನ ಅನೇಕ ಕುಟುಂಬಗಳು ಬರಲಿರುವ ಸಂಕಟಕಾಲದಿಂದ ಪಾರಾಗಲು ಹೊಲಮನೆ ಮಾರಿ ರಷ್ಯಾದ ಕಾಕಸಸ್ ಪ್ರಾಂತಕ್ಕೆ ವಲಸೆ ಹೋದವು. ದಾರಿಯಲ್ಲೇ ಕಾಯಿಲೆಯಿಂದ ಸತ್ತವರು ಬಹಳ ಮಂದಿ. ಇಂತಹ ವಲಸೆಯನ್ನು ತಡೆಯುವ ಉದ್ದೇಶದಿಂದಲೇ ರಾಜನ ಒಪ್ಪಿಗೆಯೊಡನೆ 1819ರಲ್ಲಿ ಕೋರ್ನ್‌ಟಾಲ್ ಎಂಬ ಪ್ರತ್ಯೇಕ ಭಕ್ತಸಮುದಾಯದ ಊರು ಹುಟ್ಟಿತು.

1836ರ ಜೂನ್ ಬಂತು, ಹೋಯಿತು. ವ್ಯೂರ್ಟೆಂಬರ್ಗಿನ ಭಕ್ತವಲಯ ಚದುರಿಹೋಗಲಿಲ್ಲ. ದಿನಾಂಕ ಕೈಬಿಟ್ಟಿತು, ನಿರೀಕ್ಷೆ ಉಳಿಯಿತು. ಸುವಾರ್ತೆ ಸಕಲ ಜನಾಂಗಗಳಿಗೆ ಸಾರಲ್ಪಟ್ಟ ಮೇಲೆ ಅಂತ್ಯ ಬರುವುದೆಂಬ ಮತ್ತಾಯನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯದ ಮಾತು ಲೆಕ್ಕದ ಜಾಗದಲ್ಲಿ ಬಂದು ನಿಂತಿತು. ಈ ಓದಿನಲ್ಲಿ ಕಾಲವನ್ನು ಅಳೆಯುವ ಮಾನ ವರ್ಷವಲ್ಲ, ಕೆಲಸ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಜನರನ್ನೂ ಹಣವನ್ನೂ ಒದಗಿಸಿದ್ದು ಹೆಚ್ಚಾಗಿ ಇದೇ ವಲಯ.

ಮಂಗಳೂರಿಗೆ ಆಗಮನ

ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳಾದ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಅವರು 1834ರ ಅಕ್ಟೋಬರಿನಲ್ಲಿ ಮಂಗಳೂರನ್ನು ತಲುಪಿದ್ದರು. ಎರಡು ವರ್ಷಗಳ ತರುವಾಯ ಬಂದ ತಂಡದಲ್ಲಿ ಮೋಗ್ಲಿಂಗ್ ಇದ್ದರು. ಅವರ ಪ್ರಯಾಣಕ್ಕೂ ಬೆಂಗೆಲ್ ಅವರ ಇಸವಿಗೂ ನೇರವಾದ ಕಾರಣಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿ ಸ್ವದೇಶದಲ್ಲೇ ಸುಖವಾದ ಪಾದ್ರಿ ಹುದ್ದೆ ಪಡೆಯಬಹುದಾಗಿದ್ದ ತರುಣ ಅದನ್ನು ಬಿಟ್ಟು ಹಡಗು ಹತ್ತಿದಾಗ ಅವರ ಬೆನ್ನಿಗಿದ್ದ ನಾಡು ಯಾವ ಮನಃಸ್ಥಿತಿಯಲ್ಲಿತ್ತು ಎಂಬುದನ್ನು ಮಾತ್ರ ಅದು ತಿಳಿಸುತ್ತದೆ.

ಗುಂಡರ್ಟ್ ಅವರೂ 1836ರಲ್ಲೇ ಭಾರತಕ್ಕೆ ಬಂದರು, ಬೇರೊಂದು ದಾರಿಯಿಂದ. ಅವರನ್ನು ಕರೆತಂದ ಆಂತೋನಿ ನಾರಿಸ್ ಗ್ರೋವ್ಸ್ ಅವರು ಇಂಗ್ಲೆಂಡಿನ ಬ್ರದರನ್ ಪಂಥದ ಆದ್ಯರಲ್ಲಿ ಒಬ್ಬರು. ಕರ್ತನು ಯಾವ ಗಳಿಗೆಯಲ್ಲಾದರೂ ಬರಬಹುದೆಂಬುದು ಆ ಪಂಥದ ಜೀವಾಳವಾದ ನಂಬಿಕೆ. 1838ರಲ್ಲಿ ಗುಂಡರ್ಟ್ ಅವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದಾಗ ಕಾಯುವಿಕೆಯ ಎರಡು ಸಂಪ್ರದಾಯಗಳು ಒಂದೇ ಊರಿನಲ್ಲಿ ಕೂಡಿದಂತಾಯಿತು.

ಕಾಲಜ್ಞಾನಿಗಳು ಮತ್ತು ಮಲಸಮುದ್ರ

ಕಾಲವನ್ನು ಮುಂಗಾಣುವ ಮಾತುಗಳು ಕನ್ನಡನಾಡಿನಲ್ಲಿಯೂ ಇದ್ದವು. ಕಾಲಜ್ಞಾನವೆಂಬ ಹೆಸರಿನ ವಚನಗಳು ವೀರಶೈವ ಪರಂಪರೆಯಲ್ಲಿ, ಮುಖ್ಯವಾಗಿ ಕೊಡೇಕಲ್ ಬಸವಣ್ಣನವರ ಪಂಥದಲ್ಲಿ ಹರಿದುಬಂದಿವೆ. ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುವುದು, ವೀರವಸಂತರಾಯನೆಂಬ ದೊರೆ ಬರುವನು, ಶರಣರು ಮರಳುವರು ಎಂಬ ನಿರೀಕ್ಷೆ ಅವುಗಳಲ್ಲಿದೆ. ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ದ ಕೊನೆಯ ಭಾಗದಲ್ಲೂ ಇಂತಹ ಭವಿಷ್ಯ ಬರುತ್ತದೆ. ಬರುವವನ ಹೆಸರು ಬೇರೆ. ಒಗಟಿನ ಭಾಷೆ, ಕೇಡಿನ ದಿನಗಳ ಗುರುತು, ಕೊನೆಗೆ ಧರ್ಮದ ಪುನಃಸ್ಥಾಪನೆ ಎಂಬ ಹಂದರ ಪ್ರಕಟನೆ ಗ್ರಂಥದ ಓದುಗರಿಗೆ ಗುರುತು ಸಿಗುವಂಥದು.

1830ರ ದಶಕದ ಕೊನೆಗೆ ಬಾಸೆಲ್ ಮಿಷನ್ ಧಾರವಾಡ ಮತ್ತು ಹುಬ್ಬಳ್ಳಿಗಳಿಗೆ ಹಬ್ಬಿತು. ಮೋಗ್ಲಿಂಗ್ ಅವರೂ ಆರಂಭದ ವರ್ಷಗಳಲ್ಲಿ ಆ ಸೀಮೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಕಾಲಜ್ಞಾನಿಗಳೆಂದು ಕರೆಯಲ್ಪಡುತ್ತಿದ್ದ ಜನರ ಸಂಪರ್ಕ ಮಿಷನ್ನಿಗೆ ಬಂತು. ಪಶ್ಚಿಮದಿಂದ ಬರುವ ಜನರಿಂದ ವಿಗ್ರಹಾರಾಧನೆ ಅಳಿಯುವುದೆಂದು ತಮ್ಮ ಗ್ರಂಥಗಳಲ್ಲಿದೆ, ಆ ಜನ ಇವರೇ ಇರಬಹುದು ಎಂಬುದು ಅವರ ಊಹೆ. ದೊಡ್ಡ ಸಮುದಾಯವೊಂದು ಒಟ್ಟಾಗಿ ಕ್ರೈಸ್ತಧರ್ಮಕ್ಕೆ ಬರಲಿದೆ ಎಂಬ ಆಸೆ ಮಿಷನರಿಗಳಲ್ಲಿ ಹುಟ್ಟಿತು. ಅವರನ್ನು ನೆಲೆಗೊಳಿಸಲು 1841ರಲ್ಲಿ ಗದಗದ ಬಳಿಯ ಮಲಸಮುದ್ರದಲ್ಲಿ ಭೂಮಿ ಪಡೆದು ಒಂದು ಊರನ್ನೇ ಯೋಜಿಸಲಾಯಿತು.

ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಗ್ರಂಥದ ಮಾತಿಗೆ ಎದುರಿನವರಲ್ಲಿ ನೆರವೇರಿಕೆಯನ್ನು ಕಂಡರು. ಆದರೆ ಒಬ್ಬರು ಕಾಯುತ್ತಿದ್ದುದು ಕಲ್ಯಾಣದ ಮರುಹುಟ್ಟಿಗೆ, ಇನ್ನೊಬ್ಬರು ಕ್ರಿಸ್ತನ ರಾಜ್ಯಕ್ಕೆ. ಬಾಸೆಲ್ ಮಿಷನ್ನಿನ ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕಿಂತ ಕುತೂಹಲಕರವಾದ ತಪ್ಪುಗ್ರಹಿಕೆ ಇನ್ನೊಂದಿಲ್ಲ.

ಮಂಗಳೂರ ಸಮಾಚಾರ

1841ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಅವರು ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನು ತಂದರು. ಮಂಗಳೂರಿನ ಬಲ್ಮಠದಲ್ಲಿ ಬೆಳೆದ ಬಾಸೆಲ್ ಮಿಷನ್ ಮುದ್ರಣಾಲಯದ ಆರಂಭ ಇದು. 1 ಜುಲೈ 1843ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಕಾನೂನುಗಳು, ಪರದೇಶದ ಸುದ್ದಿ, ಗಾದೆ ಮತ್ತು ಪದಗಳು ಇರುತ್ತಿದ್ದವು. 1844ರಲ್ಲಿ ಮುದ್ರಣ ಬಳ್ಳಾರಿಗೆ ಹೋಗಿ ಪತ್ರಿಕೆ ಹೆಸರು ಬದಲಿಸಿಕೊಂಡಿತು. ಹೆಚ್ಚು ಕಾಲ ನಡೆಯಲಿಲ್ಲ.

ಇದೇ ಎರಡು ವರ್ಷಗಳಲ್ಲಿ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕ ದಾನಿಯೇಲನ ಗ್ರಂಥದ 2300 ದಿನಗಳನ್ನು 2300 ವರ್ಷಗಳೆಂದು ಓದಿ ಕ್ರಿಸ್ತನ ಬರವನ್ನು ಸಾರುತ್ತಿದ್ದರು. 22 ಅಕ್ಟೋಬರ್ 1844ರಂದು ಸಾವಿರಾರು ಜನ ರಾತ್ರಿಯಿಡೀ ಕಾದು ನಿರಾಶರಾದರು. ಬೆಂಗೆಲ್ ಅವರ ದಿನದ ಅಳತೆ ಅರ್ಧ ವರ್ಷ, ಮಿಲ್ಲರ್ ಅವರದು ಒಂದು ವರ್ಷ. ಇಬ್ಬರ ವಿಧಾನ ಒಂದೇ.

ಮಂಗಳೂರಿನಲ್ಲಿ 1844ರ ಗದ್ದಲಕ್ಕೆ ಕಾರಣ ಬೇರೆ. ಆ ವರ್ಷದ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಅವರ ಇಬ್ಬರು ಗೆಳೆಯರು, ಮೂವರೂ ಸಾರಸ್ವತ ಬ್ರಾಹ್ಮಣ ತರುಣರು, ದೀಕ್ಷಾಸ್ನಾನ ಪಡೆದರು. ಊರು ಕೆರಳಿತು, ಮಿಷನ್ನಿಗೆ ಸೈನಿಕರ ಕಾವಲು ಬೇಕಾಯಿತು. 1846ರಲ್ಲಿ ಮೋಗ್ಲಿಂಗ್ ಅವರು ಕೌಂಡಿನ್ಯರನ್ನು ಬಾಸೆಲ್ಲಿಗೆ ಕರೆದೊಯ್ದರು. ಕೌಂಡಿನ್ಯರು 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಹಿಂದಿರುಗಿದರು. ಸ್ಥಳೀಯ ಬೋಧಕರ ತರಬೇತಿಗಾಗಿ 1847ರಲ್ಲಿ ಮಂಗಳೂರಿನಲ್ಲಿ ತೊಡಗಿದ ವಿದ್ಯಾಲಯದ ಹೊಣೆ ಮೋಗ್ಲಿಂಗ್ ಅವರದಾಯಿತು. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅದರ ಮುಂದುವರಿಕೆ.

ಬಿಬ್ಲಿಯೋಥಿಕಾ ಕರ್ನಾಟಿಕಾ

ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ ಅವರು 1848ರಿಂದ ಕನ್ನಡ ಪ್ರಾಚೀನ ಗ್ರಂಥಗಳ ಮಾಲೆಯೊಂದನ್ನು ಪ್ರಕಟಿಸಿದರು. ‘ಜೈಮಿನಿ ಭಾರತ’, ‘ಬಸವಪುರಾಣ’, ‘ಚೆನ್ನಬಸವಪುರಾಣ’, ದಾಸರ ಪದಗಳು ಮೊದಲಾದವು ಇದರಲ್ಲಿ ಬೆಳಕು ಕಂಡವು. ತಾಳೆಗರಿ ಮತ್ತು ಕಡತಗಳಲ್ಲಿದ್ದುದನ್ನು ಸಂಗ್ರಹಿಸಿ, ಪ್ರತಿ ಮಾಡಿಸಿ, ಕಲ್ಲಚ್ಚಿನಲ್ಲಿ ಮುದ್ರಿಸುವ ಈ ಕಾರ್ಯ ಐದಾರು ವರ್ಷ ನಡೆಯಿತು. ಪುರಂದರದಾಸರೇ ಮೊದಲಾದವರ ಪದಗಳನ್ನು ಮುಂದೆ ಅವರೇ ಜರ್ಮನ್ ಭಾಷೆಗೆ ಅನುವಾದಿಸಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ 1860ರಿಂದ ಪ್ರಕಟಿಸಿದರು. ಕನ್ನಡ ಸಾಹಿತ್ಯ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಮಲಸಮುದ್ರದ ನಿರಾಶೆಗೆ ಹಿನ್ನೆಲೆಯಾಗಿದ್ದ ಭವಿಷ್ಯಗಳನ್ನು ಒಳಗೊಂಡ ‘ಚೆನ್ನಬಸವಪುರಾಣ’ ಅಚ್ಚಾದದ್ದು ಆ ನಿರಾಶೆಯನ್ನು ಕಂಡ ಮಿಷನ್ನಿನವರಿಂದಲೇ ಎಂಬುದು ಗಮನಾರ್ಹ. ಅಂತ್ಯ ಹತ್ತಿರವೆಂದು ನಂಬಿದ ಸಂಪ್ರದಾಯದ ವ್ಯಕ್ತಿ ಇನ್ನೊಂದು ಧರ್ಮದ ಗ್ರಂಥಗಳನ್ನು ಮುಂದಿನ ತಲೆಮಾರುಗಳಿಗಾಗಿ ಅಚ್ಚು ಹಾಕಿಸಿದರು. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ. 1836ರ ಅನಂತರದ ವ್ಯೂರ್ಟೆಂಬರ್ಗಿನ ಮನೋಧರ್ಮವನ್ನು ಬಲ್ಲವರಿಗೆ ಅದು ಹಾಗೆ ಕಾಣದು.

ಕನ್ನಡ ಬೈಬಲಿನ ಮಾತು

ಕನ್ನಡದ ಮೊದಲ ಸಂಪೂರ್ಣ ಬೈಬಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದ ಫಲ. ಅದರ ಭಾಷೆಯನ್ನು ತಿದ್ದಿ ಹೊಸದಾಗಿಸುವ ಕೆಲಸಕ್ಕೆ ಮೋಗ್ಲಿಂಗ್ ಅವರ ಸೋದರಸಂಬಂಧಿಯಾದ ವೈಗ್ಲೆ ಅವರು ತಮ್ಮ ಬಾಳಿನ ಉತ್ತಮ ವರ್ಷಗಳನ್ನು ಕೊಟ್ಟರು. ಅವರು 1855ರಲ್ಲಿ ತೀರಿಕೊಂಡರು.

ಪುನರಾಗಮನದ ಕಾಲವನ್ನು ಸೂಚಿಸುವ ಗ್ರೀಕ್ ಪದಗಳು ಅನುವಾದಕರಿಗೆ ಕಠಿಣ ಪರೀಕ್ಷೆ. ಪರೂಸಿಯಾ ಎಂಬ ಪದಕ್ಕೆ ಬರುವಿಕೆ ಎಂಬಂತೆ ಉಪಸ್ಥಿತಿ ಎಂಬ ಅರ್ಥವೂ ಉಂಟು. ದೀರ್ಘಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲು ಅದಕ್ಕೆ ಪ್ರತ್ಯಕ್ಷ ಎಂಬ ಪದವನ್ನು ಆರಿಸಿಕೊಂಡಿದೆ. ಭಕ್ತನ ಮುಂದೆ ದೇವರು ಪ್ರತ್ಯಕ್ಷನಾಗುವುದೆಂಬ ಮಾತನ್ನು ಕನ್ನಡಿಗರು ಆಗಲೇ ಬಲ್ಲವರಾಗಿದ್ದರು. ಲೋಕದ ಅಂತ್ಯಕ್ಕೆ ಅದೇ ಬೈಬಲಿನಲ್ಲಿ ಯುಗದ ಸಮಾಪ್ತಿ ಎಂಬ ಪ್ರಯೋಗವಿದೆ. ಯುಗವೊಂದು ಮುಗಿದರೆ ಇನ್ನೊಂದು ತೊಡಗುವುದೆಂಬ ಧ್ವನಿ ಅದಕ್ಕೆ ಸಹಜವಾಗಿಯೇ ಅಂಟಿಕೊಳ್ಳುತ್ತದೆ. ಸಭೆಗಳಲ್ಲಿ ರೂಢಿಯಾದ ಎರಡನೆಯ ಬರೋಣ ಎಂಬ ಮಾತು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಇಲ್ಲಿ ಬರೋಣ ಎಂಬುದು ನಾವೆಲ್ಲ ಬರುವ ಎಂಬ ಕರೆಯಲ್ಲ, ಬರುವಿಕೆ ಎಂಬರ್ಥದ ಹಳೆಯ ಕ್ರಿಯಾನಾಮ.

ಎಲ್ಲಕ್ಕಿಂತ ಬಿಗಿಯಾದ ಗಂಟು ಮತ್ತಾಯ 24ರಲ್ಲಿ ಬರುವ ಗೆನೆಯಾ ಎಂಬ ಪದ. ಇವೆಲ್ಲ ಆಗುವವರೆಗೆ ಅಳಿಯದೆ ಉಳಿಯುವುದು ಯಾವುದು? ಅಂದು ಬದುಕಿದ್ದ ತಲೆಮಾರೆಂದರೆ ಮಾತು ಸುಳ್ಳಾಯಿತೆಂಬ ಸ್ಟ್ರೌಸ್ ಅವರ ಕಡೆಯ ಆಕ್ಷೇಪಕ್ಕೆ ದಾರಿಯಾಗುತ್ತದೆ; ಒಂದು ಜನಾಂಗವೆಂದರೆ ಕಾಲದ ಗಡುವೇ ಇಲ್ಲವಾಗುತ್ತದೆ. ಅಲ್ಲಿ ಹೇಳಿದ್ದು ಕ್ರಿ.ಶ. 70ರಲ್ಲಿ ನಡೆದ ಯೆರೂಸಲೇಮಿನ ನಾಶವನ್ನು, ಅನಂತರದ ಆ ದಿನ ಎಂಬುದು ಬೇರೆ ಎಂದು ಬಿಡಿಸಿದವರಲ್ಲಿ ಬೆಂಗೆಲ್ ಅವರೂ ಇದ್ದಾರೆ. ಕನ್ನಡದಲ್ಲಿ ನಿಂತ ಪದ ಸಂತತಿ. ಮಕ್ಕಳು ಮರಿಮಕ್ಕಳ ಸಾಲಿಗೂ ಒಂದು ಕಾಲದ ಪೀಳಿಗೆಗೂ ಸಲ್ಲುವ ಈ ಪದ ಮೂಲದ ಸಂದಿಗ್ಧವನ್ನು ಬಿಡಿಸದೆ ಹಾಗೆಯೇ ಓದುಗನ ಕೈಗೆ ದಾಟಿಸುತ್ತದೆ.

ಕೊಡಗಿನಲ್ಲಿ

ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ದೀಕ್ಷೆ ಪಡೆದು ಸ್ತೆಫಾನಸ್ ಎಂಬ ಹೆಸರು ತಾಳಿದ ಮೇಲೆ, 1853ರಲ್ಲಿ ಮೋಗ್ಲಿಂಗ್ ಅವರು ಆತನ ಬೆನ್ನಿಗೆ ನಿಲ್ಲಲು ಮಂಗಳೂರನ್ನು ಬಿಟ್ಟು ಘಟ್ಟ ಹತ್ತಿದರು. ಸಕಲೇಶಪುರದ ಮಲೆಗಳಿಂದ ದಕ್ಷಿಣಕ್ಕೆ ಚಾಚಿದ ಸಾಲಿನಲ್ಲಿರುವ ಕೊಡಗು 1834ರಲ್ಲಷ್ಟೇ ಕಂಪನಿ ಸರ್ಕಾರದ ವಶವಾಗಿತ್ತು. ಜಮೀನಿಗೆ ಅಂಟಿಕೊಂಡು ಜೀತದಲ್ಲಿದ್ದ ಹೊಲೆಯ ಸಮುದಾಯದವರು ಹೊಸ ಪಾದ್ರಿಯ ಬಳಿಗೆ ಬಂದರು. ಅವರಿಗಾಗಿ ಸಿದ್ದಾಪುರದ ಸಮೀಪ ಆನಂದಪುರವೆಂಬ ಊರು ರೂಪುಗೊಂಡಿತು. ಇದರಲ್ಲಿ ಕೌಂಡಿನ್ಯರ ನೆರವು ದೊಡ್ಡದು. ಮಲಸಮುದ್ರದಲ್ಲಿ ಜನರಿಗಾಗಿ ನೆಲ ಕಾದಿತ್ತು, ಇಲ್ಲಿ ನೆಲಕ್ಕಾಗಿ ಜನ ಕಾದಿದ್ದರು. ಈ ಊರು ಉಳಿಯಿತು. ಕೊಡಗಿನ ಚರಿತ್ರೆ, ಜನಜೀವನ ಮತ್ತು ಅಲ್ಲಿನ ಮಿಷನ್ ಕಾರ್ಯವನ್ನು ವಿವರಿಸುವ ಇಂಗ್ಲಿಷ್ ಪುಸ್ತಕವನ್ನು ಅವರು 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು.

ಕೊನೆಯ ವರ್ಷಗಳು

ಮೋಗ್ಲಿಂಗ್ ಅವರು ವೈಗ್ಲೆ ಅವರ ವಿಧವೆ ಪೌಲೀನೆ ಅವರನ್ನು ವಿವಾಹವಾದರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಭಾರತ ಬಿಟ್ಟವರು ಮತ್ತೆ ಮರಳಲಿಲ್ಲ. ಮರುವರ್ಷವೇ ವ್ಯೂರ್ಟೆಂಬರ್ಗಿನಲ್ಲಿ, ಕೋರ್ನ್‌ಟಾಲ್ ಸ್ಥಾಪಕರ ಮಗನಾದ ಕ್ರಿಸ್ಟೋಫ್ ಹಾಫ್‌ಮನ್ ಅವರ ಮುಂದಾಳ್ತನದಲ್ಲಿ ಟೆಂಪಲ್ ಸೊಸೈಟಿ ಎಂಬ ಪ್ರತ್ಯೇಕ ಪಂಥ ಹುಟ್ಟಿತು. ಕ್ರಿಸ್ತನ ರಾಜ್ಯಕ್ಕೆ ಸಿದ್ಧತೆ ನಡೆಸಲು ಅದರ ಸದಸ್ಯರು 1868ರಿಂದ ಪ್ಯಾಲೆಸ್ತೀನಿನ ಹೈಫಾದಲ್ಲಿ ಹೋಗಿ ನೆಲೆಸತೊಡಗಿದರು. ಮೋಗ್ಲಿಂಗ್ ಅವರು ತಾಯ್ನಾಡಿನಲ್ಲಿ ಬರವಣಿಗೆ ಮುಂದುವರಿಸಿದರು. ಕೊಡಗಿನ ಕುರಿತ ಜರ್ಮನ್ ಗ್ರಂಥವೊಂದು ವೈಟ್‌ಬ್ರೆಕ್ಟ್ ಅವರ ಸಹಕರ್ತೃತ್ವದಲ್ಲಿ 1866ರಲ್ಲಿ ಹೊರಬಂತು. 10 ಮೇ 1881ರಂದು ಎಸ್ಲಿಂಗೆನ್ನಿನಲ್ಲಿ ಅವರು ನಿಧನರಾದರು. ಗುಂಡರ್ಟ್ ಅವರು ಬರೆದ ಅವರ ಜೀವನಚರಿತ್ರೆ ಮರುವರ್ಷ ಪ್ರಕಟವಾಯಿತು. ‘ಮಂಗಳೂರ ಸಮಾಚಾರ’ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ.